ಪುಟಾಣಿಗಳ ಪಾಲಿಗೆ ಬಂದ ಬೆಳಗಿನ ಹೊತ್ತು

ಬೆಳಿಗ್ಗೆ ಒಂಬತ್ತು ಗಂಟೆ ಕಳೆಯಿತೆಂದರೆ ಕಾರ್ಟೂನ್ ಚಾನೆಲ್‌ಗಳಿಗೆ ಗಿರಾಕಿಗಳ ಬರ. ಶಾಲೆಗೆ ಹೋಗುವ ಮಕ್ಕಳೆಲ್ಲ ಚೀಲ ಹೊತ್ತು ಬಸ್ಸು ಹತ್ತಿರುತ್ತಾರೆ. ಮನೆಯಲ್ಲಿ ಉಳಿಯುವವರು ಎರಡರಿಂದ ಐದು ವರ್ಷದ ಪುಟಾಣಿಗಳು. ಇವರಿಗೆ ಓದಲು ಬಾರದು, ಗಡಿಯಾರ ನೋಡಲು ತಿಳಿಯದು, ಕೈಯಲ್ಲಿ ಕಾಸೂ ಇಲ್ಲ. ವ್ಯಾಪಾರದ ಲೆಕ್ಕಕ್ಕೆ ಸಿಗದ ಈ ಪ್ರೇಕ್ಷಕರಿಗಾಗಿ ದಿನದ ಕೆಲವು ಗಂಟೆಗಳನ್ನು ಪ್ರತ್ಯೇಕವಾಗಿ ಕಾದಿಡಬೇಕು ಎಂಬ ಆಲೋಚನೆ ಹುಟ್ಟಿದ್ದು ಅಮೆರಿಕದಲ್ಲಿ. ಟಿ.ವಿ. ಭಾಷೆಯಲ್ಲಿ ಇದಕ್ಕೆ ‘ಬ್ಲಾಕ್’ ಎಂದು ಹೆಸರು. ಒಂದೇ ವಯಸ್ಸಿನವರಿಗೆ ಹೊಂದುವ ಕಾರ್ಯಕ್ರಮಗಳನ್ನು ಒಂದರ ಹಿಂದೊಂದು ಪೋಣಿಸಿ, ಅದಕ್ಕೊಂದು ಹೆಸರು, ಒಂದು ಗುರುತು ಕೊಟ್ಟು, ನಿತ್ಯ ಅದೇ ಹೊತ್ತಿಗೆ ಪ್ರಸಾರ ಮಾಡುವುದೇ ಬ್ಲಾಕ್.

ನೋಡಲು ಇದು ಬರೀ ವೇಳಾಪಟ್ಟಿಯ ವಿಷಯ. ಆದರೆ ಅದರ ಹಿಂದೆ ಅರ್ಧ ಶತಮಾನದ ಜಗಳವೊಂದಿದೆ. ಜಾಹೀರಾತು ಯಾವುದು, ಕಥೆ ಯಾವುದು ಎಂದು ತಿಳಿಯದ ಮಗುವಿನ ಮುಂದೆ ವಸ್ತು ಮಾರಬಹುದೇ? ಮಗುವಿನ ಬೆಳಗಿನ ಹೊತ್ತು ಯಾರಿಗೆ ಸೇರಿದ್ದು, ತಾಯಿಗೋ, ಶಿಕ್ಷಕರಿಗೋ, ಚಾನೆಲ್ಲಿಗೋ? ಪುಟಾಣಿಗಳ ಬ್ಲಾಕ್ ಈ ಜಗಳದ ನಡುವೆ ಹಾಕಿದ ಒಂದು ಬೇಲಿ.

ಕಾಂಗರೂ ಮಾಮನ ಕಾಲ

ಶಾಲೆಗೆ ಹೋಗದ ಮಕ್ಕಳಿಗಾಗಿ ಕಾರ್ಯಕ್ರಮ ಮಾಡುವ ಪ್ರಯತ್ನ ಟಿ.ವಿ.ಯಷ್ಟೇ ಹಳೆಯದು. ಬ್ರಿಟನ್ನಿನ ಬಿಬಿಸಿ 1950ರಲ್ಲಿ ‘ಆಂಡಿ ಪ್ಯಾಂಡಿ’ ಎಂಬ ಸೂತ್ರದ ಗೊಂಬೆಯನ್ನು ಪುಟ್ಟ ಮಕ್ಕಳ ಮುಂದೆ ಕುಣಿಸಿತು. 1953ರಲ್ಲಿ ಅಂತಹ ಕಾರ್ಯಕ್ರಮಗಳನ್ನು ‘ವಾಚ್ ವಿತ್ ಮದರ್’ ಎಂಬ ಒಂದೇ ಹೆಸರಿನಡಿ ತಂದಿತು. ‘ತಾಯಿಯೊಡನೆ ನೋಡು’ ಎಂಬ ಆ ಹೆಸರಿನಲ್ಲೇ ಒಂದು ಎಚ್ಚರಿಕೆ ಅಡಗಿತ್ತು. ಮಗುವನ್ನು ಟಿ.ವಿ. ಮುಂದೆ ಕೂರಿಸಿ ತಾಯಿ ಅಡುಗೆಮನೆಗೆ ಹೋಗುವುದು ಬೇಡ ಎಂಬುದು ಅದರ ಇಂಗಿತ.

ಬಿಬಿಸಿ ನಡೆಯುವುದು ಜನ ಕಟ್ಟುವ ಪರವಾನಗಿ ಶುಲ್ಕದಿಂದ. ಅಮೆರಿಕದ ಟಿ.ವಿ.ಗೆ ಜಾಹೀರಾತೇ ಅನ್ನ. ಅಲ್ಲಿ ಸಿಬಿಎಸ್ ಜಾಲ 1955ರ ಅಕ್ಟೋಬರ್ 3ರಂದು ‘ಕ್ಯಾಪ್ಟನ್ ಕಾಂಗರೂ’ ಆರಂಭಿಸಿತು. ದೊಡ್ಡ ಜೇಬುಗಳ ಕೋಟು ತೊಟ್ಟ, ಮೆಲುದನಿಯ ಮಾಮನಾಗಿ ಬಾಬ್ ಕೀಶನ್ ಸುಮಾರು ಮೂರು ದಶಕ ಬೆಳಗಿನ ಹೊತ್ತು ಮಕ್ಕಳನ್ನು ಮಾತಾಡಿಸಿದರು. ಆದರೆ ಬೆಳಗಿನ ಹೊತ್ತಿಗೆ ದೊಡ್ಡವರೂ ಕಣ್ಣು ಹಾಕಿದರು. 1981ರಲ್ಲಿ ವಾರ್ತೆಗೆ ಹೆಚ್ಚು ಸಮಯ ಬೇಕೆಂದು ಈ ಕಾರ್ಯಕ್ರಮವನ್ನು ಅರ್ಧ ಗಂಟೆಗೆ ಇಳಿಸಲಾಯಿತು. 1984ರಲ್ಲಿ ಅದು ನಿಂತೇಹೋಯಿತು. ವಾರ್ತೆಗೆ ಬರುವ ಜಾಹೀರಾತಿನ ದರದ ಮುಂದೆ ಕಾಂಗರೂ ಮಾಮ ನಿಲ್ಲಲಾಗಲಿಲ್ಲ.

ಇದರ ನಡುವೆ 1969ರಲ್ಲಿ ಒಂದು ಪವಾಡವೇ ನಡೆಯಿತು. ಜೋನ್ ಗ್ಯಾಂಜ್ ಕೂನಿ ಮತ್ತು ಕಾರ್ನೆಗಿ ಪ್ರತಿಷ್ಠಾನದ ಲಾಯ್ಡ್ ಮಾರಿಸೆಟ್ ಸೇರಿ 1968ರಲ್ಲಿ ‘ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್’ ಎಂಬ ಸಂಸ್ಥೆ ಕಟ್ಟಿದರು. ಬಡ ಮನೆಗಳ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೇ ಹಿಂದೆ ಬಿದ್ದಿರುತ್ತಾರೆ, ಟಿ.ವಿ. ಅವರಿಗೆ ಅಕ್ಷರ ಕಲಿಸಲಾರದೇ ಎಂಬುದು ಅವರ ಪ್ರಶ್ನೆ. ಸೋಪಿನ ಜಾಹೀರಾತಿನ ಹಾಡನ್ನು ಬಾಯಿಪಾಠ ಮಾಡುವ ಮಗು ‘ಎ’, ‘ಬಿ’ಯನ್ನೂ ಹಾಗೆಯೇ ಕಲಿಯಬಹುದಲ್ಲವೇ? 1969ರ ನವೆಂಬರ್ 10ರಂದು ‘ಸೆಸಮಿ ಸ್ಟ್ರೀಟ್’ ಪ್ರಸಾರ ಆರಂಭವಾಯಿತು. ಜಾಹೀರಾತಿನ ತಂತ್ರವನ್ನೇ ಅದು ತಿರುಗಿಸಿ ಬಳಸಿತು. ಪ್ರಾಯೋಜಕರ ಜಾಗದಲ್ಲಿ ಕಂಪೆನಿಯ ಹೆಸರಿನ ಬದಲು ಆ ದಿನದ ಅಕ್ಷರ ಮತ್ತು ಅಂಕಿಯ ಹೆಸರನ್ನು ಹೇಳಲಾಗುತ್ತಿತ್ತು!

ಮಕ್ಕಳು ನಿಜವಾಗಿ ನೋಡುತ್ತಾರೆಯೇ ಎಂಬುದನ್ನೂ ಅಳೆದು ನೋಡಲಾಯಿತು. ಟಿ.ವಿ. ಪಕ್ಕದಲ್ಲಿ ಇನ್ನೊಂದು ಪರದೆಯಿಟ್ಟು, ಅದರಲ್ಲಿ ಏಳೂವರೆ ಸೆಕೆಂಡಿಗೊಂದು ಬಣ್ಣದ ಚಿತ್ರ ಬದಲಾಯಿಸುತ್ತಿದ್ದರು. ಮಗುವಿನ ಕಣ್ಣು ಯಾವಾಗ ಆ ಕಡೆ ಹೊರಳುತ್ತದೆಂದು ಸಂಶೋಧಕ ಎಡ್ವರ್ಡ್ ಪಾಮರ್ ಅವರ ತಂಡ ಗುರುತು ಹಾಕಿಕೊಳ್ಳುತ್ತಿತ್ತು. ಕಣ್ಣು ಹೊರಳಿದ ದೃಶ್ಯಗಳನ್ನು ಮತ್ತೆ ತಿದ್ದಲಾಗುತ್ತಿತ್ತು. ಪುಟ್ಟ ಮಗುವನ್ನು ಪ್ರೇಕ್ಷಕನೆಂದು ಇಷ್ಟು ಗಂಭೀರವಾಗಿ ಪರಿಗಣಿಸಿದ್ದು ಅದೇ ಮೊದಲು.

ಒಂದು ನಗರ, ಒಂದು ಗಿರಿಗಟ್ಟಲೆ

ಆದರೆ ‘ಸೆಸಮಿ ಸ್ಟ್ರೀಟ್’ ದಿನಕ್ಕೆ ಒಂದು ಗಂಟೆಯ ಮಾತು. ಉಳಿದ ಹೊತ್ತಿಗೇನು? ಈ ಪ್ರಶ್ನೆಗೆ ಉತ್ತರ ಬಂದದ್ದು ಕೇಬಲ್ ಟಿ.ವಿ.ಯಿಂದ. ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ವಾರ್ನರ್ ಕೇಬಲ್ ಕಂಪೆನಿ 1977ರ ಡಿಸೆಂಬರ್ 1ರಂದು ‘ಕ್ಯೂಬ್’ ಎಂಬ ಹೊಸ ವ್ಯವಸ್ಥೆ ಆರಂಭಿಸಿತು. ಅದರ ಚಾನೆಲ್‌ಗಳ ಪೈಕಿ ಒಂದು ಪೂರ್ತಿಯಾಗಿ ಪುಟ್ಟ ಮಕ್ಕಳಿಗೆ ಮೀಸಲಾಗಿತ್ತು. ಅದರ ಹೆಸರು ‘ಪಿನ್‌ವೀಲ್’, ಅಂದರೆ ಗಾಳಿಗೆ ತಿರುಗುವ ಕಾಗದದ ಗಿರಿಗಟ್ಟಲೆ. ಇದನ್ನು ರೂಪಿಸಿದವರು ವಿವಿಯನ್ ಹಾರ್ನರ್. ‘ಸೆಸಮಿ ಸ್ಟ್ರೀಟ್’ ತಯಾರಿಸಿದ ಸಂಸ್ಥೆಯಲ್ಲಿಯೇ ಸಂಶೋಧನೆ ನಡೆಸಿ ಬಂದವರು. ಒಂದು ದೊಡ್ಡ ಮನೆ, ಅದರಲ್ಲಿ ಮನುಷ್ಯರೂ ಗೊಂಬೆಗಳೂ ಒಟ್ಟಿಗೆ ವಾಸ, ಅವರ ಮಾತಿನ ನಡುವೆ ನಾನಾ ದೇಶಗಳಿಂದ ತಂದ ಸಣ್ಣ ಕಾರ್ಟೂನುಗಳು. ಇದಿಷ್ಟೇ ಅದರ ಬಂಡವಾಳ. ಮಗು ಯಾವ ಹೊತ್ತಿಗೆ ಟಿ.ವಿ. ಮುಂದೆ ಬಂದರೂ ಅದಕ್ಕೆ ಹೊಂದುವುದೇನಾದರೂ ಇರಬೇಕು ಎಂಬುದು ಇದರ ಲೆಕ್ಕಾಚಾರ.

ಈ ಗಿರಿಗಟ್ಟಲೆಯೇ ಮುಂದೆ ಒಂದು ದೊಡ್ಡ ಚಾನೆಲ್ಲಿನ ಬೀಜವಾಯಿತು. 1979ರ ಏಪ್ರಿಲ್ 1ರಂದು ಅದೇ ಕಂಪೆನಿ ಅಮೆರಿಕದಾದ್ಯಂತ ‘ನಿಕಲೋಡಿಯನ್’ ಚಾನೆಲ್ ಆರಂಭಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐದು ಸೆಂಟಿನ ‘ನಿಕಲ್’ ನಾಣ್ಯ ಕೊಟ್ಟು ಸಿನಿಮಾ ನೋಡುತ್ತಿದ್ದ ಸಣ್ಣ ಚಿತ್ರಮಂದಿರಗಳಿಗೆ ಇದ್ದ ಹೆಸರು ಅದು. ‘ಪಿನ್‌ವೀಲ್’ ದಿನಕ್ಕೆ ಹಲವು ಗಂಟೆ ಪ್ರಸಾರವಾಗುತ್ತಿತ್ತು. ವಿಶೇಷವೆಂದರೆ ಆ ಚಾನೆಲ್ಲಿನಲ್ಲಿ ಜಾಹೀರಾತೇ ಇರಲಿಲ್ಲ.

ಇದು ಬರೀ ಧರ್ಮಕಾರ್ಯವೆಂದು ತಿಳಿಯಬೇಕಿಲ್ಲ. ಆ ಕಾಲದಲ್ಲಿ ಕೇಬಲ್ ಎಳೆಯಲು ಪ್ರತಿ ಊರಿನ ನಗರಸಭೆಯ ಅನುಮತಿ ಬೇಕಾಗಿತ್ತು. ಒಂದೊಂದು ಊರಿಗೂ ಹಲವು ಕಂಪೆನಿಗಳ ಪೈಪೋಟಿ. ‘ನಮ್ಮಲ್ಲಿ ಜಾಹೀರಾತಿಲ್ಲದ ಮಕ್ಕಳ ಚಾನೆಲ್ ಇದೆ’ ಎಂದರೆ ನಗರಸಭೆಯ ಸದಸ್ಯರ ಮನಸ್ಸು ಕರಗುತ್ತಿತ್ತು. ಪುಟಾಣಿಗಳ ಕಾರ್ಯಕ್ರಮ ಹೀಗೆ ಅನುಮತಿ ಗಿಟ್ಟಿಸುವ ದಾಳವೂ ಆಗಿತ್ತು. ದಾಳ ಉರುಳಿದ ಮೇಲೆ ನಷ್ಟದ ಲೆಕ್ಕ ಎದುರಾಯಿತು. ಕಂಪೆನಿಯ ಒಡೆಯರಿಗೆ ಅದು ಭಾರವೆನಿಸಿತು. 1984ರ ವೇಳೆಗೆ ಚಾನೆಲ್ಲಿಗೆ ಜಾಹೀರಾತು ಬಂತು, ಕಿತ್ತಳೆ ಬಣ್ಣದ ಹೊಸ ಗುರುತೂ ಬಂತು. ಜೆರಾಲ್ಡೀನ್ ಲೇಬೋರ್ನ್ ಎಂಬ ಮಹಿಳೆ ಚುಕ್ಕಾಣಿ ಹಿಡಿದರು. ಶಾಲೆಗೆ ಹೋಗುವ ಮಕ್ಕಳೇ ಚಾನೆಲ್ಲಿನ ಮುಖ್ಯ ಪ್ರೇಕ್ಷಕರಾದರು.

ಕಟ್ಟಳೆ ಸಡಿಲಾದಾಗ

ಅದೇ 1984ರಲ್ಲಿ ಅಮೆರಿಕ ಸರ್ಕಾರದ ಪ್ರಸಾರ ನಿಯಂತ್ರಣ ಆಯೋಗ ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತಿಗಿದ್ದ ಮಿತಿಯನ್ನು ಕಿತ್ತುಹಾಕಿತು. ಅಷ್ಟು ಹೊತ್ತಿಗಾಗಲೇ ‘ಹೀ-ಮ್ಯಾನ್’ನಂತಹ ಕಾರ್ಟೂನುಗಳು ತೆರೆಗೆ ಬಂದಿದ್ದವು. ಇವುಗಳಲ್ಲಿ ಗೊಂಬೆ ಮೊದಲು, ಕಥೆ ಆಮೇಲೆ. ಅಂಗಡಿಯಲ್ಲಿ ಮಾರುವ ಆಟಿಕೆಯೇ ಕಥಾನಾಯಕ! ಅರ್ಧ ಗಂಟೆಯ ಕಾರ್ಯಕ್ರಮವೇ ಅರ್ಧ ಗಂಟೆಯ ಜಾಹೀರಾತೆಂದು ಪೋಷಕರು ಕಿಡಿಕಾರಿದರು.

ಈ ಸಿಟ್ಟಿಗೆ ಮುಂಚಿನಿಂದಲೂ ದನಿಯಾಗಿದ್ದವರು ಪೆಗ್ಗಿ ಚ್ಯಾರನ್. 1968ರಲ್ಲಿ ಬಾಸ್ಟನ್ ಸಮೀಪ ಕೆಲವು ತಾಯಂದಿರನ್ನು ಸೇರಿಸಿ ಅವರು ‘ಆ್ಯಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್’ ಎಂಬ ಸಂಘಟನೆ ಕಟ್ಟಿದ್ದರು. ಕೆಟ್ಟ ಕಾರ್ಯಕ್ರಮ ನಿಷೇಧಿಸಿ ಎಂಬುದಕ್ಕಿಂತ ಒಳ್ಳೆಯವು ಇನ್ನಷ್ಟು ಬರಲಿ, ಜಾಹೀರಾತು ಕಡಿಮೆಯಾಗಲಿ ಎಂಬುದು ಅವರ ಬೇಡಿಕೆ. 1978ರಲ್ಲಿ ವ್ಯಾಪಾರ ಆಯೋಗ ತೀರ ಚಿಕ್ಕ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನೇ ನಿಷೇಧಿಸುವ ಪ್ರಸ್ತಾಪ ಮಂಡಿಸಿತ್ತು. ಜಾಹೀರಾತಿನ ಉದ್ದೇಶವೇ ಅರ್ಥವಾಗದ ವಯಸ್ಸಿನವರಿಗೆ ವಸ್ತು ಮಾರುವುದು ಅನ್ಯಾಯ ಎಂಬುದು ಅದರ ವಾದ. ಆದರೆ ಉದ್ಯಮಗಳ ಒತ್ತಡ ಬಲವಾಗಿತ್ತು. 1980ರಲ್ಲಿ ಸಂಸತ್ತೇ ಆಯೋಗದ ಕೈ ಕಟ್ಟಿಹಾಕಿತು.

ಹೋರಾಟಕ್ಕೆ ಫಲ ಸಿಕ್ಕಿದ್ದು 1990ರಲ್ಲಿ. ಆ ವರ್ಷದ ‘ಮಕ್ಕಳ ಟೆಲಿವಿಷನ್ ಕಾಯ್ದೆ’ ಗಂಟೆಗೆ ಇಷ್ಟೇ ಜಾಹೀರಾತು ಎಂದು ಗೆರೆ ಎಳೆಯಿತು. ವಾರದ ದಿನಗಳಲ್ಲಿ ಗಂಟೆಗೆ 12 ನಿಮಿಷ, ಶನಿವಾರ ಮತ್ತು ಭಾನುವಾರ ಹತ್ತೂವರೆ ನಿಮಿಷ. ಮಗು ನೋಡುವ ಪ್ರತಿ ಗಂಟೆಯಲ್ಲಿ 12 ನಿಮಿಷ ಮಾರಾಟಕ್ಕೆ ಬಿಡುವ ಕಾಯ್ದೆಯನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ? ಮೊದಲು ಯಾವ ಮಿತಿಯೂ ಇರಲಿಲ್ಲವಾದ್ದರಿಂದ ಗೆಲುವೆಂದೇ ಹೇಳಬೇಕು.

ಬಣ್ಣ ಬದಲಿಸುವ ಮುಖ

ಕಾಯ್ದೆ ಬರುವ ಮುನ್ನವೇ ಚಾನೆಲ್ಲೊಂದು ತನ್ನ ವೇಳಾಪಟ್ಟಿಯಲ್ಲಿ ಗೆರೆ ಎಳೆದಿತ್ತು. 1988ರ ಜನವರಿ 4ರಂದು ನಿಕಲೋಡಿಯನ್ ತನ್ನ ಪುಟಾಣಿ ಕಾರ್ಯಕ್ರಮಗಳನ್ನೆಲ್ಲ ‘ನಿಕ್ ಜೂನಿಯರ್’ ಎಂಬ ಹೆಸರಿನಡಿ ತಂದಿತು. ಇದಕ್ಕೆ ಮೊದಲೇ, 1985ರಲ್ಲಿ ಅದು ರಾತ್ರಿಯ ಹೊತ್ತನ್ನು ದೊಡ್ಡವರಿಗಾಗಿ ‘ನಿಕ್ ಅಟ್ ನೈಟ್’ ಎಂದು ಬೇರೆ ಮಾಡಿತ್ತು. ಒಂದೇ ಚಾನೆಲ್ ಬೆಳಿಗ್ಗೆ ಪುಟಾಣಿಗಳದ್ದು, ಸಂಜೆ ಶಾಲಾಮಕ್ಕಳದ್ದು, ರಾತ್ರಿ ಅಪ್ಪ ಅಮ್ಮಂದಿರದ್ದು. ಒಂದೇ ಮನೆಯನ್ನು ಮೂರು ಬಾಡಿಗೆದಾರರಿಗೆ ಹಂಚಿದಂತೆ!

ಮೊದಮೊದಲು ‘ನಿಕ್ ಜೂನಿಯರ್’ನಲ್ಲಿ ಸ್ವಂತದ್ದೆಂಬುದು ಕಡಿಮೆ. ಸ್ಪೇನ್‌ನ ‘ಡೇವಿಡ್ ದಿ ನೋಮ್’, ಜಪಾನಿನಲ್ಲಿ ತಯಾರಾದ ಜೇನುಹುಳು ಮಾಯಾಳ ಕಥೆ ಹೀಗೆ ಹೊರಗಿನಿಂದ ತಂದ ಸರಕೇ ಹೆಚ್ಚು. ಚಿತ್ರ ಬದಲಾದದ್ದು 1990ರ ದಶಕದಲ್ಲಿ. ‘ಬಾರ್ನಿ’ ಎಂಬ ನೇರಳೆ ಬಣ್ಣದ ಡೈನೋಸಾರ್ 1992ರಲ್ಲಿ ಸಾರ್ವಜನಿಕ ಪ್ರಸಾರ ಜಾಲವಾದ ಪಿಬಿಎಸ್‌ನಲ್ಲಿ ಕಾಣಿಸಿಕೊಂಡು ಮನೆಮನೆಯ ಮಾತಾಯಿತು. ಕಾಸಿಲ್ಲದ ಪುಟಾಣಿಗಳಿಗಾಗಿ ಅಪ್ಪ ಅಮ್ಮ ಕಾಸು ಬಿಚ್ಚುತ್ತಾರೆಂಬುದು ಎಲ್ಲ ಚಾನೆಲ್‌ಗಳಿಗೂ ಖಾತರಿಯಾಯಿತು. ಲರ್ನಿಂಗ್ ಚಾನೆಲ್ 1992ರಲ್ಲಿ ಜಾಹೀರಾತಿಲ್ಲದ ‘ರೆಡಿ ಸೆಟ್ ಲರ್ನ್’ ಬ್ಲಾಕ್ ಆರಂಭಿಸಿತು. 1994ರಲ್ಲಿ ಪಿಬಿಎಸ್ ಕೂಡ ತನ್ನ ಮಕ್ಕಳ ಕಾರ್ಯಕ್ರಮಗಳನ್ನು ಒಂದೇ ಮಾಲೆಯಾಗಿ ಕಟ್ಟಿತು. 1997ರಲ್ಲಿ ಡಿಸ್ನಿ ಚಾನೆಲ್ ‘ಪ್ಲೇಹೌಸ್ ಡಿಸ್ನಿ’ಯೊಂದಿಗೆ ಕಣಕ್ಕಿಳಿಯಿತು.

1994ರಲ್ಲಿ ನಿಕ್ ಜೂನಿಯರ್‌ಗೆ ಒಂದು ‘ಮುಖ’ ಬಂತು. ಎರಡು ಕಣ್ಣು, ಒಂದು ಬಾಯಿ, ಕ್ಷಣಕ್ಕೊಂದು ಬಣ್ಣ. ಅದರ ಹೆಸರೇ ‘ಫೇಸ್’. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಅದು ಬಂದು, ಮುಂದೆ ಯಾವುದಿದೆ ಎಂದು ಹೇಳುತ್ತಿತ್ತು. ದೊಡ್ಡವರಿಗೆ ಇದು ಕ್ಷುಲ್ಲಕ. ಗಡಿಯಾರ ನೋಡಲು ಬಾರದ ಮಗುವಿಗೆ ಅದೇ ಗಡಿಯಾರ. ಕಾರ್ಯಕ್ರಮವನ್ನು ನಡುವೆ ತುಂಡರಿಸಿ ಜಾಹೀರಾತು ತೋರಿಸದೆ, ಎರಡು ಕಾರ್ಯಕ್ರಮಗಳ ಸಂದಿಗೆ ಅದನ್ನು ತಳ್ಳುವ ಪದ್ಧತಿಯೂ ಪುಟಾಣಿ ಬ್ಲಾಕ್‌ಗಳಲ್ಲಿ ಬೆಳೆಯಿತು. ಕಥೆ ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಶುರುವಾಯಿತು ಎಂಬ ಗೆರೆ ಮಗುವಿಗೂ ಒಂದಿಷ್ಟು ಕಾಣಲೆಂಬುದು ಇದರ ಆಶಯ.

ಒಂದೇ ಕಥೆ ಐದು ದಿನ

ಈ ಬೇಲಿಯೊಳಗೆ ಬೆಳೆದ ಉತ್ತಮ ಫಸಲೆಂದರೆ 1996ರ ಸೆಪ್ಟೆಂಬರ್ 8ರಂದು ಆರಂಭವಾದ ‘ಬ್ಲೂಸ್ ಕ್ಲೂಸ್’. ನೀಲಿ ನಾಯಿಮರಿಯೊಂದು ಪಂಜದ ಗುರುತು ಬಿಟ್ಟು ಹೋಗುತ್ತದೆ. ಸ್ಟೀವ್ ಎಂಬ ತರುಣ ಅದರ ಸುಳಿವು ಹುಡುಕುತ್ತಾನೆ. ಸುಳಿವು ಅವನ ಬೆನ್ನ ಹಿಂದೆಯೇ ಇದ್ದರೂ ಅವನಿಗೆ ಕಾಣುವುದಿಲ್ಲ. ಮಕ್ಕಳು ಕೂಗಿ ಹೇಳಬೇಕು. ಅವನು ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಾನೆ. ಟಿ.ವಿ.ಯಲ್ಲಿ ಮೌನವೆಂದರೆ ನಷ್ಟ ಎಂದು ನಂಬಿದ್ದ ಕಾಲದಲ್ಲಿ ಈ ಕಾಯುವಿಕೆ ಒಂದು ಸಾಹಸವೇ ಸರಿ.

ಇನ್ನೂ ದೊಡ್ಡ ಸಾಹಸವೆಂದರೆ ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ಪ್ರಸಾರ ಮಾಡಿದ್ದು. ಅಜ್ಜಿ ಹೇಳಿದ ಕಥೆಯನ್ನೇ ಮತ್ತೆ ಹೇಳು ಎಂದು ಮಗು ಪೀಡಿಸುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಆ್ಯಂಡರ್ಸನ್ ಮತ್ತವರ ಸಹೋದ್ಯೋಗಿಗಳು ಈ ಮರುಪ್ರಸಾರವನ್ನು ಅಧ್ಯಯನ ಮಾಡಿದರು. ದಿನ ಕಳೆದಂತೆ ಮಕ್ಕಳಿಗೆ ಬೇಸರವಾಗುವ ಬದಲು ಉತ್ತರ ಕೂಗುವ ಉತ್ಸಾಹ ಹೆಚ್ಚುವುದು ಕಂಡುಬಂತು. ಪ್ರತಿ ಕಂತನ್ನೂ ಪ್ರಸಾರಕ್ಕೆ ಮುನ್ನ ಮೂರು ಹಂತಗಳಲ್ಲಿ ಮಕ್ಕಳ ಮುಂದಿಟ್ಟು ಪರೀಕ್ಷಿಸಲಾಗುತ್ತಿತ್ತು. 2000ದ ಆಗಸ್ಟ್ 14ರಂದು ಆರಂಭವಾದ ‘ಡೋರಾ ದಿ ಎಕ್ಸ್‌ಪ್ಲೋರರ್’ ಇದೇ ದಾರಿಯಲ್ಲಿ ನಡೆದು, ಇಂಗ್ಲಿಷಿನ ಜೊತೆ ಸ್ಪ್ಯಾನಿಷ್ ಪದಗಳನ್ನೂ ಮಕ್ಕಳ ಬಾಯಿಗೆ ಹಾಕಿತು.

ಆದರೆ ಬೇಲಿಗೆ ಹಿತ್ತಲ ಬಾಗಿಲೊಂದಿತ್ತು. ಜಾಹೀರಾತು ಕಡಿಮೆಯಾದರೇನು, ಡೋರಾಳ ಚಿತ್ರವಿರುವ ಶಾಲಾ ಚೀಲ, ನೀರಿನ ಬಾಟಲಿ, ಗೊಂಬೆಗಳು ಅಂಗಡಿ ತುಂಬಿದವು. ಪಾತ್ರವೇ ಜಾಹೀರಾತಾದರೆ ನಿಮಿಷ ಲೆಕ್ಕ ಹಾಕಿ ಪ್ರಯೋಜನವೇನು? ಹೀ-ಮ್ಯಾನ್ ಕಾಲದಲ್ಲಿ ಗೊಂಬೆಯಿಂದ ಕಥೆ ಹುಟ್ಟಿತ್ತು, ಈಗ ಕಥೆಯಿಂದ ಗೊಂಬೆ ಹುಟ್ಟಿತು. ಬೆಲೆ ತೆರುವವರು ಮಾತ್ರ ಅದೇ ಅಪ್ಪ ಅಮ್ಮ.

ಎಲ್ಲ ಬ್ಲಾಕ್‌ಗಳೂ ಬಾಳಲಿಲ್ಲ ಎಂಬುದೂ ನಿಜ. ಕಾರ್ಟೂನ್ ನೆಟ್‌ವರ್ಕ್ 2005ರ ಆಗಸ್ಟ್‌ನಲ್ಲಿ ‘ಟಿಕಲ್-ಯು’ ಎಂಬ ಬ್ಲಾಕ್ ಆರಂಭಿಸಿ, ಮಕ್ಕಳಲ್ಲಿ ಹಾಸ್ಯಪ್ರಜ್ಞೆ ಬೆಳೆಸುವುದು ತನ್ನ ಗುರಿ ಎಂದಿತು. ಶಿಕ್ಷಣದ ನೆಪದಲ್ಲಿ ಇದು ಮಾರಾಟದ ಹೊಸ ದಾರಿ ಎಂದು ಮಕ್ಕಳ ಹಕ್ಕಿನ ಸಂಘಟನೆಗಳು ಪ್ರತಿಭಟಿಸಿದವು. ಅದು ಹೆಚ್ಚು ಕಾಲ ನಡೆಯಲಿಲ್ಲ. ಹೊಡೆದಾಟದ ಕಾರ್ಟೂನಿಗೆ ಹೆಸರಾದ ಚಾನೆಲ್ಲಿಗೆ ಕೂಸುಗಳನ್ನು ಒಪ್ಪಿಸಲು ತಾಯಂದಿರ ಮನಸ್ಸು ಒಪ್ಪುವುದು ಸುಲಭವಲ್ಲ. 2021ರಲ್ಲಿ ಅದೇ ಚಾನೆಲ್ ‘ಕಾರ್ಟೂನಿಟೊ’ ಹೆಸರಿನಲ್ಲಿ ಮತ್ತೊಮ್ಮೆ ಪ್ರಯತ್ನಿಸಿತು.

ಅಂಗನವಾಡಿಯಿಂದ ಚಿಂಟುವಿನವರೆಗೆ

ಭಾರತದಲ್ಲಿ ಈ ಕಥೆ ಬೇರೆಯದೇ ದಾರಿ ಹಿಡಿಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗ ‘ಸೈಟ್’ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಬೆಳಗಿನ ಹೊತ್ತನ್ನು ಅಲ್ಲಿಯೂ ಮಕ್ಕಳಿಗೇ ಕೊಡಲಾಗಿತ್ತು. ಆದರೆ ಅದು ಶಾಲೆಗೆ ಹೋಗುವ ಮಕ್ಕಳಿಗೆ. ಇನ್ನೂ ಚಿಕ್ಕವರಿಗಾಗಿ ಸರ್ಕಾರ ಆರಿಸಿಕೊಂಡ ಮಾರ್ಗ ಅಂಗನವಾಡಿ. ಅದೇ ವರ್ಷದ ಅಕ್ಟೋಬರ್ 2ರಂದು ಆರಂಭವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಪುಟಾಣಿಗಳಿಗೆ ಟಿ.ವಿ. ಎಂಬ ಮಾತು ಬಂದದ್ದು ಖಾಸಗಿ ಚಾನೆಲ್‌ಗಳೊಂದಿಗೆ. 1995ರ ಮೇ 1ರಂದು ಕಾರ್ಟೂನ್ ನೆಟ್‌ವರ್ಕ್, 2004ರ ಜನವರಿ 1ರಂದು ಪೋಗೊ ಭಾರತದಲ್ಲಿ ಆರಂಭವಾದವು. ‘ಟೈನಿ ಟಿ.ವಿ.’ ಎಂಬ ಪುಟಾಣಿ ಬ್ಲಾಕ್ ಆ ಚಾನೆಲ್‌ಗಳ ಮೂಲಕ ಇಲ್ಲಿಗೂ ಬಂತು. 2006ರಲ್ಲಿ ‘ಸೆಸಮಿ ಸ್ಟ್ರೀಟ್’ನ ಭಾರತೀಯ ರೂಪ ‘ಗಲಿ ಗಲಿ ಸಿಮ್ ಸಿಮ್’ ಹಿಂದಿಯಲ್ಲಿ ಬಂತು. ಕನ್ನಡದ ಮಗುವಿಗೆ ತನ್ನದೇ ಭಾಷೆಯ ಚಾನೆಲ್ ಸಿಕ್ಕಿದ್ದು 2009ರಲ್ಲಿ, ಸನ್ ಸಮೂಹದ ಚಿಂಟು ಟಿ.ವಿ. ಮೂಲಕ. ಡಬ್ಬಿಂಗ್ ಕೂಡದೆಂಬ ಅಲಿಖಿತ ಕಟ್ಟಳೆ ಕನ್ನಡ ಚಿತ್ರರಂಗದಲ್ಲಿ ಬಿಗಿಯಾಗಿದ್ದ ಕಾಲವದು. ದೊಡ್ಡವರ ಸಿನಿಮಾಕ್ಕೆ ಮುಚ್ಚಿದ್ದ ಬಾಗಿಲಿನಿಂದ ಪುಟಾಣಿಗಳ ಡೋರಾ ಮಾತ್ರ ಕನ್ನಡ ಮಾತಾಡುತ್ತ ಒಳಗೆ ಬಂದಳು.

ಬೇಲಿ ಬಿದ್ದ ಮೇಲೆ

ಬ್ಲಾಕ್ ಬೆಳೆದು ಚಾನೆಲ್ಲೇ ಆದದ್ದು ಮುಂದಿನ ಹಂತ. 1999ರ ಫೆಬ್ರುವರಿ 2ರಂದು ನಿಕಲೋಡಿಯನ್ ಹಾಗೂ ‘ಸೆಸಮಿ ಸ್ಟ್ರೀಟ್’ ಸಂಸ್ಥೆ ಸೇರಿ ‘ನಾಗಿನ್’ ಎಂಬ ಚಾನೆಲ್ ಆರಂಭಿಸಿದವು. 2009ರಲ್ಲಿ ಅದು ‘ನಿಕ್ ಜೂನಿಯರ್’ ಚಾನೆಲ್ ಆಯಿತು. ‘ಪ್ಲೇಹೌಸ್ ಡಿಸ್ನಿ’ 2011ರಲ್ಲಿ ‘ಡಿಸ್ನಿ ಜೂನಿಯರ್’ ಆಗಿ, ಮರುವರ್ಷ ಅಮೆರಿಕದಲ್ಲಿ 24 ಗಂಟೆಯ ಚಾನೆಲ್ಲೂ ಆಯಿತು. ಬೆಳಗಿನ ಹೊತ್ತಿಗೆಂದು ಹಾಕಿದ ಬೇಲಿ ಇಡೀ ದಿನವನ್ನು ಆವರಿಸಿಕೊಂಡಿತು. ಇಡೀ ದಿನ ಬೇಲಿಯೊಳಗಾದರೆ ಅದನ್ನು ಬೇಲಿ ಎನ್ನುವುದು ಹೇಗೆ?

ಅಷ್ಟರಲ್ಲಿ ಮೊಬೈಲ್ ಫೋನು ಬಂತು. ಅದರಲ್ಲಿ ವೇಳಾಪಟ್ಟಿಯೇ ಇಲ್ಲ. ಒಂದು ವಿಡಿಯೊ ಮುಗಿದರೆ ಇನ್ನೊಂದು ತಾನಾಗಿಯೇ ಆರಂಭ. ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ತೆರಲು ಒಪ್ಪಿಕೊಂಡವು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ಹೇಳಿತು. ಒಂದು ಗಂಟೆ! ಅಂದರೆ 1969ರ ‘ಸೆಸಮಿ ಸ್ಟ್ರೀಟ್’ನ ಒಂದು ಕಂತು.

ಇತ್ತ ಜಾಹೀರಾತನ್ನು ದೂರವಿಡುವ ವ್ಯವಸ್ಥೆಗೂ ಕಷ್ಟದ ದಿನಗಳು ಬಂದಿವೆ. ‘ನಾಗಿನ್’ ಹೆಸರಿನಲ್ಲಿ ಫೋನಿಗೆ ಬಂದಿದ್ದ, ಜಾಹೀರಾತಿಲ್ಲದ ಚಂದಾ ಸೇವೆಯನ್ನು ಅದರ ಒಡೆಯರು 2024ರಲ್ಲಿ ಮುಚ್ಚಿದರು. ಅಮೆರಿಕದ ಸಾರ್ವಜನಿಕ ಪ್ರಸಾರಕ್ಕೆ 1967ರ ಕಾಯ್ದೆಯಡಿ ಸಿಗುತ್ತಿದ್ದ ಕೇಂದ್ರ ಸರ್ಕಾರದ ಹಣವನ್ನು 2025ರಲ್ಲಿ ಅಲ್ಲಿನ ಸಂಸತ್ತು ಹಿಂತೆಗೆದುಕೊಂಡಿತು.

ಹಳೆಯ ಬ್ಲಾಕ್ ಪರಿಶುದ್ಧವಾಗಿತ್ತೆಂದು ಹೇಳಲಾಗದು. ನಗರಸಭೆಯನ್ನು ಒಲಿಸಲು, ಚೀಲ ಬಾಟಲಿ ಮಾರಲು ಅದು ಬಳಕೆಯಾದದ್ದು ನಿಜ. ಆದರೂ ಅದಕ್ಕೊಂದು ಗುಣವಿತ್ತು. ಅದು ನಿಗದಿತ ಹೊತ್ತಿಗೆ ಮುಗಿಯುತ್ತಿತ್ತು. ಮಧ್ಯಾಹ್ನ ದೊಡ್ಡ ಮಕ್ಕಳ ಕಾರ್ಯಕ್ರಮ ಆರಂಭವಾಯಿತೆಂದರೆ ಪುಟಾಣಿಗಳ ಸರದಿ ಮುಗಿದಂತೆ. ಮುಗಿಯಿತೆಂದು ಹೇಳುವ ಕಷ್ಟವನ್ನು ಅರ್ಧದಷ್ಟಾದರೂ ಚಾನೆಲ್ಲೇ ಹೊರುತ್ತಿತ್ತು. ಈಗ ಆ ಕೆಲಸ ಪೂರ್ತಿಯಾಗಿ ಮನೆಯವರ ಪಾಲಿಗೆ ಬಂದಿದೆ. ಊಟದ ಹೊತ್ತಿಗೆ ಮಗುವಿನ ಕೈಯಿಂದ ಫೋನು ಕಿತ್ತುಕೊಳ್ಳಲು ಹೆಣಗುವ ಪ್ರತಿ ತಾಯಿಗೂ ಆ ಭಾರ ಎಷ್ಟೆಂದು ಗೊತ್ತು.